ದೊರೆಸಾನಿ ಕ್ಯೆಂಗೊ

ಕ್ಯೆಂಗೊನ ಅಪ್ಪ ಮುಲ್ವಾ ಮೂರು ಸಲ ಜೈಲಿಗೆ ಹೋದವನು. ಮೂರು ಸಲವೂ ಆನೆಯ ಕಾರಣಕ್ಕೇ. ಬಿಲ್ಲು, ವಿಷ ಸವರಿದ ನಾಲ್ಕು ಬಾಣ, ಒಂದು ಸೋರೆಬುರುಡೆ ನೀರು, ಇಷ್ಟನ್ನೇ ಹಿಡಿದು ಹೋಗಿ ಆನೆ ಕೆಡವಿ ಬರುತ್ತಿದ್ದ. ಅವನ ಅಪ್ಪ, ತಾತ ಎಲ್ಲ ಮಾಡಿದ್ದೂ ಅದನ್ನೇ. ಆದರೆ ಮುಲ್ವಾನ ಕಾಲಕ್ಕೆ ಅದಕ್ಕೆ ಕಳ್ಳಬೇಟೆ ಎಂಬ ಹೆಸರು ಬಂದಿತ್ತು. ಪರವಾನಗಿ ಇಟ್ಟುಕೊಂಡ ದೊರೆ ಅದೇ ಆನೆಯನ್ನು ಕೋವಿಯಲ್ಲಿ ಹೊಡೆದರೆ ಮಾತ್ರ ಅದರ ಮೇಲೆ ಕಾಲಿಟ್ಟು ಫೋಟೊ ತೆಗೆಸಿಕೊಳ್ಳಬಹುದಿತ್ತು. ಮೂರನೆಯ ಸಲ ಬಿಡುಗಡೆಯಾಗಿ ಬಂದ ಮುಲ್ವಾ ಮಗನನ್ನು ಎದುರಿಗೆ ಕೂರಿಸಿಕೊಂಡು ಎರಡೇ ಮಾತು ಹೇಳಿದ: "ಕಾಡು ಬಿಡಬೇಡ. ಆದರೆ ಜೈಲಿಗೆ ಹೋಗದವರ ಜೊತೆ ಹೋಗು."

ಹೀಗೆ ಕ್ಯೆಂಗೊ ಕಿಬ್ವೆಜಿಯ ಬೇಟೆಗಾರ ಪ್ರೆಸ್ಕಾಟ್ ದೊರೆಯ ಹತ್ತಿರ ಜಾಡು ಹಿಡಿಯುವ ಕೆಲಸಕ್ಕೆ ಸೇರಿದ. ಪ್ರೆಸ್ಕಾಟ್ ಹೊಗೆಸೊಪ್ಪು ಸೇದಿ ಸೇದಿ ಎದೆ ಕೆಡಿಸಿಕೊಂಡಿದ್ದರಿಂದ ಆಳುಗಳೆಲ್ಲ ಅವನನ್ನು ಕೆಮ್ಮುವ ದೊರೆ ಎನ್ನುತ್ತಿದ್ದರು. ಪ್ರಾಣಿಯ ಹತ್ತಿರ ಹೋದಾಗ ಮಾತ್ರ ಅವನು ಕೆಮ್ಮುತ್ತಿರಲಿಲ್ಲ. ಅದು ಹೇಗೆ ತಡೆದುಕೊಳ್ಳುತ್ತಿದ್ದನೋ ಯಾರಿಗೂ ಗೊತ್ತಿಲ್ಲ.

ಕ್ಯೆಂಗೊ ಸಣ್ಣ ಆಳು. ಸೊಂಟ ಹಿಡಿಯಷ್ಟು, ಕಾಲು ಸಪೂರ, ತೂಕವೇ ಇಲ್ಲದ ನಡಿಗೆ. ಮಾತು ಕಡಿಮೆ. ಅವನಿಗೆ ಇದ್ದ ವಿದ್ಯೆಯೆಂದರೆ ನೆಲ ಓದುವುದು. ಬೆಳಿಗ್ಗೆ ಡೇರೆಗಳ ನಡುವೆ ಒಂದು ಸುತ್ತು ಹಾಕಿ ಬಂದರೆ ಯಾರು ಎಷ್ಟು ಹೊತ್ತಿಗೆ ಎದ್ದರು, ಯಾರ ಚಪ್ಪಲಿ ಸವೆದಿದೆ, ಯಾರಿಗೆ ಬೆನ್ನುನೋವು ಎಂದು ಹೇಳುತ್ತಿದ್ದ. ಅವನ ಜೊತೆಗಾರ ಮುಸೆಂಬಿ ಇದಕ್ಕೆ ತದ್ವಿರುದ್ಧ. ಆರಡಿ ಎತ್ತರ, ಅಗಲ ಎದೆ, ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲ. ಪ್ರೆಸ್ಕಾಟನ ಎರಡನೆಯ ಕೋವಿ ಹೊರುವುದು ಅವನ ಕೆಲಸ. ಇಬ್ಬರೂ ಒಂದೇ ವರ್ಷ ಸುನ್ನತಿಯಾದ ಸಮವಯಸ್ಕರು. ಇಬ್ಬರಿಗೂ ಬೇಕಾಗಿದ್ದದ್ದು ಒಬ್ಬಳೇ ಹುಡುಗಿ, ಕತುಂಗೆ.

ಕತುಂಗೆ ಕಿಬ್ವೆಜಿ ಸ್ಟೇಷನ್ನಿನಲ್ಲಿ ರೈಲು ನಿಂತಾಗ ಸುಟ್ಟ ಜೋಳದ ತೆನೆ, ಬೇಯಿಸಿದ ಮರಗೆಣಸು ಮಾರುತ್ತಿದ್ದಳು. ಮೊಂಬಾಸಾದ ಕಡೆಯಿಂದ ಬಂದ ಗಾಡಿ ಹತ್ತು ನಿಮಿಷ ನಿಲ್ಲುತ್ತಿತ್ತು. ಆ ಹತ್ತು ನಿಮಿಷದಲ್ಲಿ ಮೂರು ಭಾಷೆಯಲ್ಲಿ ಚೌಕಾಸಿ ಮಾಡಿ, ಕೈಹಾಕಲು ಬಂದವನಿಗೆ ನಾಲ್ಕನೆಯ ಭಾಷೆಯಲ್ಲಿ ಬೈದು, ಬುಟ್ಟಿ ಖಾಲಿ ಮಾಡುವಳು. ಕಾಡಿನಿಂದ ಬಂದಾಗಲೆಲ್ಲ ಇಬ್ಬರೂ ಸ್ಟೇಷನ್ನಿಗೆ ಹೋಗುತ್ತಿದ್ದರು. ಮುಸೆಂಬಿ ಕತೆ ಹೇಳುತ್ತ ಅಲ್ಲೇ ನಿಂತು ನಾಲ್ಕು ತೆನೆ ತಿನ್ನುತ್ತಿದ್ದ. ಕ್ಯೆಂಗೊ ಒಂದು ತೆನೆ ಕೊಂಡು, ದೂರದಲ್ಲಿ ಸಾಮಾನಿನ ಗೋದಾಮಿನ ನೆರಳಿನಲ್ಲಿ ಕೂತು, ಅರ್ಧ ಗಂಟೆ ಅದನ್ನೇ ತಿನ್ನುತ್ತಿದ್ದ.

ಸಿನಿಮಾದವರು ಬಂದದ್ದು ಸಾವಿರದ ಒಂಬೈನೂರ ಐವತ್ತೊಂದರ ಬೇಸಗೆಯಲ್ಲಿ. ಆಥಿ ನದಿಯ ದಡದಲ್ಲಿ ನಲವತ್ತು ಡೇರೆ, ಹದಿನೆಂಟು ಲಾರಿ. ಐಸ್ ಮಾಡುವ ಒಂದು ಯಂತ್ರ. ದಿನಾ ತುತ್ತೂರಿಯಲ್ಲಿ ಕೂಗುವ ಕೆಂಪು ಮುಖದ ಒಬ್ಬ ನಿರ್ದೇಶಕ. ಬಿಸಿಲಿಗೆ ಕೊಡೆ ಹಿಡಿದ ಆಳೊಬ್ಬನನ್ನು ಹಿಂದಿಟ್ಟುಕೊಂಡೇ ನಡೆಯುವ ಹಳದಿ ಕೂದಲಿನ ನಾಯಕಿ. ಅವಳ ನಿಜವಾದ ಹೆಸರು ಯಾರ ನಾಲಿಗೆಗೂ ಹತ್ತಲಿಲ್ಲ. ಎಲ್ಲರೂ ದೊರೆಸಾನಿ ಎಂದರು. ಪ್ರೆಸ್ಕಾಟ್ ಅವರಿಗೆಲ್ಲ ಕಾಡು ತೋರಿಸುವ, ಪ್ರಾಣಿ ಬಂದರೆ ಕಾಪಾಡುವ ಕೆಲಸ ಒಪ್ಪಿಕೊಂಡಿದ್ದ. ಅವನ ಜೊತೆ ಅವನ ಆಳುಗಳೂ ಬಂದರು.

ಮುಸೆಂಬಿಯ ಎತ್ತರ ನೋಡಿ ನಿರ್ದೇಶಕ ಅವನನ್ನು ಸಿನಿಮಾದೊಳಗೇ ಸೇರಿಸಿಕೊಂಡ. ಕಥೆಯಲ್ಲಿನ ಬೇಟೆಗಾರನಿಗೂ ಕೋವಿ ಹೊರುವವನೊಬ್ಬ ಬೇಕಿತ್ತಲ್ಲ. ಅವನು ಹೇಳಬೇಕಾಗಿದ್ದದ್ದು ನಾಲ್ಕು ಮಾತು: "ದೊರೆ, ಆನೆ, ಅಲ್ಲಿ, ಹತ್ತಿರ." ಅದನ್ನು ಅವನು ಸ್ನಾನ ಮಾಡುವಾಗಲೂ ಹೇಳಿಕೊಳ್ಳುತ್ತಿದ್ದ.

ಒಂದು ಮಧ್ಯಾಹ್ನ ಮೋಡ ಕವಿದು ಕೆಲಸ ನಿಂತಿತ್ತು. ಆಳುಗಳೆಲ್ಲ ದಪ್ಪ ಬೊಡ್ಡೆಯ ಆನೆಹುಣಸೆ ಮರದ ಕೆಳಗೆ ಜೋಳ, ಅವರೆಕಾಳು ಬೇಯಿಸಿಕೊಂಡು ಕೂತಿದ್ದರು. ಚರ್ಮ ಸುಲಿಯುವ ಮುದುಕ ಕಿಟೊಂಗಾನಿಗೆ ಮೂರು ವಾರದಿಂದ ಒಂದು ಸಂಶಯ ಕೊರೆಯುತ್ತಿತ್ತು. ಸಿನಿಮಾದವರ ಮಾತನ್ನು ತರ್ಜುಮೆ ಮಾಡುತ್ತಿದ್ದ, ಮಿಷನ್ ಶಾಲೆಯಲ್ಲಿ ಓದಿದ ತೈತಾ ಬುಡಕಟ್ಟಿನ ಗುಮಾಸ್ತ ಎಲೈಜಾನನ್ನು ಅವನು ಹಿಡಿದು ಕೂರಿಸಿದ.

"ಇದರ ಕಥೆ ಏನಪ್ಪಾ? ಒಂದು ದಿನ ಅವಳು ಅಳ್ತಾಳೆ, ಮಾರನೇ ದಿನ ನಗ್ತಾಳೆ, ಅದರ ಮಾರನೇ ದಿನ ಮತ್ತೆ ಅದೇ ಜಾಗದಲ್ಲಿ ಅಳ್ತಾಳೆ."

"ಕೇಳು ಅಜ್ಜ. ಆ ಹೆಂಗಸಿಗೆ ಗಂಡ ಇದ್ದಾನೆ. ಗಂಡನ ಜೊತೆ ಬೇಟೆಗೆ ಅಂತ ಬಂದಿದ್ದಾಳೆ. ಇಲ್ಲಿ ಬೇಟೆಗಾರನ ಮೇಲೆ ಮನಸ್ಸಾಗುತ್ತೆ. ಗಂಡನಿಗೆ ಗೊತ್ತಾಗುತ್ತೆ."

"ಗೊತ್ತಾದ ಮೇಲೆ?"

"ಮೂರೂ ಜನ ಒಟ್ಟಿಗೆ ಆನೆ ಹುಡುಕ್ಕೊಂಡು ಹೋಗ್ತಾರೆ."

ಕಿಟೊಂಗಾ ನಸ್ಯದ ಡಬ್ಬಿ ತೆಗೆದವನು ಏರಿಸುವುದನ್ನೇ ಮರೆತ. "ಯಾಕೆ?"

"ಕಥೆ ಹಾಗಿದೆ."

"ಆ ಗಂಡನಿಗೆ ಅಣ್ಣತಮ್ಮಂದಿರು ಇಲ್ಲವಾ? ಅವಳ ಅಪ್ಪನ ಮನೆಗೆ ಒಂದು ಮಾತು ಹೇಳಿ ಕಳಿಸಬಾರದಾ? ಹೆಣ್ಣಿಗೆ ಅಂತ ಕೊಟ್ಟ ಮೇಕೆ ವಾಪಸು ಹೊಡಕೊಂಡು ಬಂದ್ರೆ ಮುಗೀತು. ಇದರಲ್ಲಿ ಆನೆಗೇನು ಕೆಲಸ?"

"ಅವರಲ್ಲಿ ಮೇಕೆ ಕೊಡೋ ಪದ್ಧತಿ ಇಲ್ಲ ಅಜ್ಜ."

"ಅದಕ್ಕೇ ಹೀಗಾಗಿರೋದು," ಎಂದು ಕಿಟೊಂಗಾ ನಸ್ಯ ಏರಿಸಿದ.

ಮುಸೆಂಬಿ ಕೇಳಿದ, "ಕೊನೆಗೆ ಅವಳು ಯಾರಿಗೆ ಸಿಗ್ತಾಳೆ?"

"ಬೇಟೆಗಾರನಿಗೆ. ಗಂಡನ್ನ ಆನೆ ತುಳಿದುಬಿಡುತ್ತೆ."

"ಪಂಚಾಯ್ತಿ ಆನೆದು ಅನ್ನು," ಎಂದ ಮುಸೆಂಬಿ. ಆಮೇಲೆ ಕ್ಯೆಂಗೊನ ಕಡೆ ತಿರುಗಿ, "ನೋಡ್ಕೊಳಪ್ಪ. ನಮ್ಮದೂ ಹಾಗೇ ತೀರ್ಮಾನ ಆಗೋದಾದ್ರೆ ನೀನು ಮುಂದೆ ನಡಿ, ನಾನು ಹಿಂದೆ ಬರ್ತೀನಿ," ಎಂದ. ಎಲ್ಲರೂ ನಕ್ಕರು. ಕತುಂಗೆಯ ವಿಷಯ ಅಲ್ಲಿ ತಿಳಿಯದವರು ಯಾರೂ ಇರಲಿಲ್ಲ. ಕ್ಯೆಂಗೊನೂ ನಕ್ಕ, ಸ್ವಲ್ಪ ತಡವಾಗಿ.

ಆ ವಾರದ ಕೊನೆಗೆ ಒಂದು ತೊಡಕು ಬಂತು. ಕಥೆಯಲ್ಲಿ ನಾಯಕಿಯನ್ನು ಘೇಂಡಾಮೃಗ ಅಟ್ಟಿಸಿಕೊಂಡು ಬರಬೇಕು, ಬೇಟೆಗಾರ ಅವಳನ್ನು ಉಳಿಸಬೇಕು, ಅಲ್ಲಿಂದ ಪ್ರೀತಿ ಶುರುವಾಗಬೇಕು. ದೊರೆಸಾನಿ ಓಡುವಂತಿರಲಿಲ್ಲ. ಅವಳ ಮೇಲೆ ದೊಡ್ಡ ವಿಮೆ ಮಾಡಿಸಿದ್ದರಂತೆ. ಅವಳ ಕಾಲು ಉಳುಕಿದರೂ ಕಂಪನಿ ಮುಳುಗುತ್ತದೆ ಎಂದು ಎಲೈಜಾ ಹೇಳಿದ. ಬಿಳಿಯ ಹೆಂಗಸರಲ್ಲಿ ಬೇರೆ ಯಾರೂ ಮುಂದೆ ಬರಲಿಲ್ಲ. ದೂರದಿಂದ ತೆಗೆದರೆ ಮುಖ ಕಾಣುವುದಿಲ್ಲ, ಬೇಕಾಗಿರುವುದು ಓಡುವ ಒಂದು ಸಣ್ಣ ಮೈ ಅಷ್ಟೆ. ಬಟ್ಟೆಯ ಉಸ್ತುವಾರಿಯ ಹೆಂಗಸು ಟೇಪು ಹಿಡಿದು ಆಳುಗಳ ಸೊಂಟ ಅಳೆಯುತ್ತ ಬಂದಳು. ಕ್ಯೆಂಗೊನ ಹತ್ತಿರ ನಿಂತಳು.

ಪ್ರೆಸ್ಕಾಟ್ ಅವನನ್ನು ಪಕ್ಕಕ್ಕೆ ಕರೆದು, "ಬೇಡ ಅಂದರೆ ಬೇಡ ಅನ್ನು. ನಾನು ಅವರಿಗೆ ಹೇಳ್ತೀನಿ," ಎಂದ.

ಕ್ಯೆಂಗೊ ಕೇಳಿದ, "ನೀವು ಎಲ್ಲಿ ನಿಂತಿರ್ತೀರಿ?"

"ಮೂವತ್ತು ಹೆಜ್ಜೆ. ಬಲಗಡೆ."

"ಮುಸೆಂಬಿ?"

"ನನ್ನ ಪಕ್ಕದಲ್ಲೇ."

"ಹಾಗಾದರೆ ಆಗಲಿ," ಎಂದ ಕ್ಯೆಂಗೊ. ಹೆಂಗಸಿನ ಬಟ್ಟೆಯ ವಿಚಾರವನ್ನೇ ಅವನು ಎತ್ತಲಿಲ್ಲ. ಓಡುವುದು ಅವನಿಗೆ ಬರುತ್ತಿತ್ತು. ಬರುವ ಕೆಲಸವನ್ನು ಬಾರದು ಎನ್ನಲು ಅವನಿಗೆ ಕಾರಣ ಕಾಣಲಿಲ್ಲ.

ಬಟ್ಟೆ ತೊಡಿಸಿದರು. ಕಾಕಿ ಲಂಗ, ಬಿಳಿ ಕುಪ್ಪಸ, ಹಳದಿ ಕೂದಲಿನ ಟೋಪನ್ನು, ಅದರ ಮೇಲೊಂದು ಹ್ಯಾಟು. ಕೈಕಾಲಿಗೆ ಹಿಟ್ಟಿನಂಥ ಬಣ್ಣ ಬಳಿದರು. ಓಡುವ ರೀತಿ ಕಲಿಸಲು ದೊರೆಸಾನಿಯೇ ಬಂದಳು. ಅವಳು ಹ್ಯಾಟಿನ ಮೇಲೆ ಕೈಯಿಟ್ಟು ನಾಲ್ಕು ಹೆಜ್ಜೆ ಓಡಿ ತೋರಿಸುವಷ್ಟರಲ್ಲಿ ಕ್ಯೆಂಗೊ ಎಲೈಜಾನಿಗೆ, "ನನಗೆ ಗೊತ್ತಿದೆ ಅಂತ ಹೇಳು," ಎಂದ. ತಿಂಗಳಿಂದ ಅವಳ ಹೆಜ್ಜೆಯನ್ನು ಅವನು ದಿನಾ ಬೆಳಿಗ್ಗೆ ನೆಲದ ಮೇಲೆ ನೋಡಿದ್ದ. ಎಡಗಾಲು ಸ್ವಲ್ಪ ಹೊರಕ್ಕೆ ತಿರುಗುತ್ತಿತ್ತು. ಬಲ ಹಿಮ್ಮಡಿ ಆಳಕ್ಕೆ ಊರುತ್ತಿತ್ತು. ಅವಳು ಪ್ರೆಸ್ಕಾಟನ ಡೇರೆಗೆ ಹೋಗುತ್ತಾಳೆ ಎಂದು ಮುಸೆಂಬಿ ಹಬ್ಬಿಸಿದ್ದ ಸುದ್ದಿ ಸುಳ್ಳು ಎಂಬುದೂ ಕ್ಯೆಂಗೊನಿಗೆ ಗೊತ್ತಿತ್ತು. ಅವಳ ಹೆಜ್ಜೆ ಬೆಳಗಾದ ಕೂಡಲೇ ಒಂಟಿಯಾಗಿ ನದಿಗೆ ಹೋಗಿ, ಒಂದು ಬಂಡೆಯ ಹತ್ತಿರ ನಿಂತು, ಒಂಟಿಯಾಗಿ ವಾಪಸು ಬರುತ್ತಿತ್ತು.

ಅವನು ಲಂಗವನ್ನು ತುಸು ಎತ್ತಿಕೊಂಡು ಡೇರೆಯಿಂದ ಡೇರೆಗೆ ಅವಳಂತೆಯೇ ನಡೆದು ತೋರಿಸಿದ. ಮೊದಲು ಎಲ್ಲರೂ ನಕ್ಕರು, ದೊರೆಸಾನಿಯೂ ನಕ್ಕಳು. ಅವನು ತಿರುಗಿ ವಾಪಸು ಬರುವ ಹೊತ್ತಿಗೆ ಅವಳ ನಗು ನಿಂತಿತ್ತು. ಏನೋ ಒಂದು ಮಾತು ಹೇಳಿ ಡೇರೆಯೊಳಗೆ ಹೋದಳು. ಏನಂದಳು ಎಂದು ಕ್ಯೆಂಗೊ ಕೇಳಿದ. "ನಾನು ಇಷ್ಟು ದಣಿದವಳ ಹಾಗೆ ನಡೀತೀನಾ ಅಂತ ಕೇಳಿದಳು," ಎಂದ ಎಲೈಜಾ.

ಸುದ್ದಿ ಸ್ಟೇಷನ್ನಿಗೂ ಮುಟ್ಟಿತು. ಮುಟ್ಟಿಸಿದವನು ಯಾರು ಎಂದು ಬೇರೆ ಹೇಳಬೇಕಾಗಿಲ್ಲ. ಮುಸೆಂಬಿ ನಡು ಬಳುಕಿಸಿ ಅಭಿನಯಿಸಿ ತೋರಿಸಿದ್ದನ್ನು ಕತುಂಗೆ ಕೆಂಡ ಕೆದಕುತ್ತಲೇ ನೋಡಿದಳು. "ಲಂಗ ಉಟ್ಟು ಓಡೋದು ಎಷ್ಟು ಕಷ್ಟ ಅಂತ ಒಬ್ಬ ಗಂಡಸಿಗಾದ್ರೂ ಗೊತ್ತಾಗಲಿ ಬಿಡು," ಎಂದಳು.

ಓಟದ ಚಿತ್ರ ತೆಗೆಯುವ ದಿನ ಬೆಳಿಗ್ಗೆ ಕ್ಯೆಂಗೊನೇ ಘೇಂಡಾಮೃಗದ ಜಾಡು ಹಿಡಿದು ಬಂದ. ಬಂದವನು ಪ್ರೆಸ್ಕಾಟನಿಗೆ ಹೇಳಿದ, "ಇದು ಬೇಡ. ಹೆಣ್ಣು. ಜೊತೆಗೆ ಮರಿ ಇದೆ, ಇನ್ನೂ ಹಾಲು ಕುಡಿಯೋ ಮರಿ. ಹೊಳೆಯಾಚೆ ಒಂಟಿ ಗಂಡು ಒಂದಿದೆ, ಎರಡು ದಿನ ಕೊಡಿ." ಪ್ರೆಸ್ಕಾಟ್ ಅದನ್ನು ನಿರ್ದೇಶಕನಿಗೆ ಹೇಳಿದ. ನಿರ್ದೇಶಕ ಆಕಾಶ ನೋಡಿದ, ಗಡಿಯಾರ ನೋಡಿದ. ಬೆಳಕು ಈವತ್ತು ಚೆನ್ನಾಗಿದೆ, ಎರಡು ದಿನ ಕಾಯಲು ಆಗುವುದಿಲ್ಲ ಎಂದ. ಪ್ರೆಸ್ಕಾಟ್ ಬಹಳ ಹೊತ್ತು ಕೆಮ್ಮಿದ. ಆಮೇಲೆ ಬಂದು, "ಇದನ್ನೇ ಎಬ್ಬಿಸೋಣ," ಎಂದ. ಕ್ಯೆಂಗೊ ಲಂಗ ಉಟ್ಟುಕೊಂಡ.

ಜಾಲಿಪೊದೆಗಳ ನಡುವೆ ಒಂದು ಬಯಲು. ಒಂದು ಕಡೆ ಲಾರಿಯ ಮೇಲೆ ಕ್ಯಾಮೆರಾ. ಬಲಕ್ಕೆ, ಕ್ಯಾಮೆರಾಕ್ಕೆ ಕಾಣದಂತೆ, ಪ್ರೆಸ್ಕಾಟ್ ಜೋಡಿನಳಿಗೆಯ ಕೋವಿ ಹಿಡಿದು ನಿಂತ. ಪಕ್ಕದಲ್ಲಿ ಎರಡನೆಯ ಕೋವಿಯೊಂದಿಗೆ ಮುಸೆಂಬಿ. ಪೊದೆಯ ಹಿಂದಿನಿಂದ ನಾಲ್ವರು ಡಬ್ಬ ಬಡಿದರು. ಘೇಂಡಾಮೃಗ ಉಸಿರುಬಿಡುತ್ತ ಹೊರಗೆ ಬಂತು, ಮರಿ ಅದರ ಬಾಲಕ್ಕೆ ಅಂಟಿಕೊಂಡಂತೆ ಹಿಂದೆಯೇ. ಗಾಳಿ ಕ್ಯೆಂಗೊನ ಕಡೆಯಿಂದ ಬೀಸುತ್ತಿತ್ತು, ಅವನ ವಾಸನೆ ಹಿಡಿದು ಅದು ನುಗ್ಗಿತು. ಅವನು ಹ್ಯಾಟಿನ ಮೇಲೆ ಕೈಯಿಟ್ಟು, ಎಡಗಾಲು ಹೊರಕ್ಕೆ ಹಾಕುತ್ತ ಓಡಿದ. ಇಪ್ಪತ್ತು ಮಾರು ಅಂದುಕೊಂಡ ಹಾಗೆಯೇ ಆಯಿತು. ಆಮೇಲೆ ಲಂಗದ ಅಂಚು ಕೊಕ್ಕೆಮುಳ್ಳಿಗೆ ಸಿಕ್ಕಿಕೊಂಡು ಅವನು ಮಗ್ಗುಲಾಗಿ ಬಿದ್ದ.

ಬಿದ್ದಲ್ಲಿಂದ ಅವನಿಗೆ ಎಲ್ಲವೂ ಕಾಣುತ್ತಿತ್ತು. ಮೊದಲ ಗುಂಡು ಘೇಂಡಾಮೃಗದ ಹೆಗಲಿಗೆ ತಾಗಿತು, ಅದು ನಿಲ್ಲಲಿಲ್ಲ. ಎರಡನೆಯದು ಕೊಂಬಿಗೆ ಬಡಿದು ಸಿಡಿಯಿತು. ಪ್ರೆಸ್ಕಾಟನ ಕೈ ಪಕ್ಕಕ್ಕೆ ಚಾಚಿತು, ಆ ಕೈಯೊಳಗೆ ಎರಡನೆಯ ಕೋವಿ ಬಂದು ಕೂತಿತು. ಮೂರನೆಯ ಗುಂಡಿಗೆ ಪ್ರಾಣಿ ಮೊಣಕಾಲೂರಿ, ಜಾರುತ್ತ ಬಂದು, ಕ್ಯೆಂಗೊನಿಂದ ಎರಡು ಮಾರಿನ ಆಚೆ ನಿಂತಿತು. ಅದರ ಮೂಗಿನಿಂದ ಹಾರಿದ ದೂಳು ಅವನ ಬಣ್ಣ ಬಳಿದ ಕಾಲಿನ ಮೇಲೆ ಬಿತ್ತು.

ಲಾರಿಯ ಮೇಲಿನಿಂದ ಯಾರೋ ಏನೋ ಕೇಳಿದರು, ಇನ್ಯಾರೋ ಹೌದೆಂದರು. ಚಿತ್ರ ಸಿಕ್ಕಿತಾ ಎಂದು ಕೇಳಿದ್ದು ಅದು ಎಂದು ಆಮೇಲೆ ಎಲೈಜಾ ಹೇಳಿದ. ಮುಸೆಂಬಿ ಬಂದು, ಚಾಕು ತೆಗೆದು ಲಂಗದ ಅಂಚು ಕತ್ತರಿಸಿದ. "ಏಳಿ ದೊರೆಸಾನಿ, ಬಿಸಿಲು ಜಾಸ್ತಿಯಾಯ್ತು. ಕೊಡೆ ತರಿಸಲಾ?"

ಕ್ಯೆಂಗೊ ಎದ್ದ. ಬಟ್ಟೆ ಬದಲಾಯಿಸಿ, ಕಾಲು ತೊಳೆದುಕೊಂಡು, ಎಲ್ಲರೂ ಊಟಕ್ಕೆ ಹೋದಾಗ ಒಬ್ಬನೇ ಆ ಜಾಗಕ್ಕೆ ಹೋಗಿ ನೆಲ ನೋಡಿದ. ಪ್ರೆಸ್ಕಾಟನ ಬೂಟಿನ ಗುರುತು ಮೊದಲ ಗುಂಡಿನ ನಂತರ ಒಂದು ಹೆಜ್ಜೆ, ಎರಡನೆಯದರ ನಂತರ ಇನ್ನೊಂದು ಹೆಜ್ಜೆ ಹಿಂದಕ್ಕೆ ಸರಿದಿತ್ತು. ಅದರಲ್ಲಿ ತಪ್ಪೇನಿಲ್ಲ. ನೆಲ ಗಟ್ಟಿಯಿಲ್ಲದ ಕಡೆ ಕೋವಿಯ ಒದೆತಕ್ಕೆ ಯಾರಾದರೂ ಸರಿಯುತ್ತಾರೆ. ಆದರೆ ಪಕ್ಕದಲ್ಲಿದ್ದ ಮುಸೆಂಬಿಯ ಬರಿಗಾಲು ಇಟ್ಟ ಜಾಗದಲ್ಲೇ ಇತ್ತು. ಹತ್ತೂ ಬೆರಳು ಮುಂದಕ್ಕೆ ಕಚ್ಚಿ ಮಣ್ಣಿನಲ್ಲಿ ಊರಿಕೊಂಡಿದ್ದವು. ಕ್ಯೆಂಗೊ ಬಹಳ ಹೊತ್ತು ಅಲ್ಲೇ ಕುಕ್ಕುರುಗಾಲಿನಲ್ಲಿ ಕೂತಿದ್ದ.

ಮರಿ ಎರಡು ದಿನ ತಾಯಿಯ ಹೆಣದ ಸುತ್ತಲೇ ಇತ್ತು. ಕಿಟೊಂಗಾ ಚರ್ಮ ಸುಲಿಯಲು ಹೋದರೆ ಅವನ ಮೇಲೆ ನುಗ್ಗುತ್ತಿತ್ತು. ಮೂರನೆಯ ದಿನ ಅದನ್ನು ಹಗ್ಗ ಹಾಕಿ ಹಿಡಿದು, ಹಲಗೆಯ ಪೆಟ್ಟಿಗೆಯೊಳಗೆ ನಿಲ್ಲಿಸಿ, ಯಾವುದೋ ದೇಶದ ಮೃಗಾಲಯಕ್ಕೆಂದು ಕಿಬ್ವೆಜಿ ಸ್ಟೇಷನ್ನಿಗೆ ಸಾಗಿಸಿದರು. ಗೂಡ್ಸ್ ಗಾಡಿ ತಡವಾಗಿತ್ತು. ಪೆಟ್ಟಿಗೆಯನ್ನು ಕಾಯಲು ಕಳಿಸಿದ್ದು ಕ್ಯೆಂಗೊನನ್ನು. ಅವನು ಒಂದು ಸೋರೆಬುರುಡೆಯಲ್ಲಿ ಆಕಳ ಹಾಲು ಹಿಡಿದು ಹಲಗೆಯ ಸಂದಿಯಲ್ಲಿ ಒಡ್ಡಿದ. ಮರಿ ಮೂಸಿ ಮುಖ ತಿರುಗಿಸಿತು.

ಕತುಂಗೆ ಬುಟ್ಟಿ ಇಳಿಸಿ ಪಕ್ಕದಲ್ಲಿ ಬಂದು ನಿಂತಳು. ಗಾಡಿ ಬರಲು ಹೊತ್ತಿತ್ತು. ಕ್ಯೆಂಗೊ ಅಂದು ಮಾತಾಡಿದಷ್ಟು ಅದಕ್ಕೆ ಮುಂಚೆ ಅವಳೊಂದಿಗೆ ಮಾತಾಡಿದ್ದೇ ಇಲ್ಲ. ನಡೆದದ್ದನ್ನೆಲ್ಲ ಹೇಳಿ, "ಅವನು ಅರ್ಧ ಹೆಜ್ಜೆನೂ ಹಿಂದೆ ಇಟ್ಟಿಲ್ಲ. ನಾನೇ ಹೋಗಿ ನೋಡ್ದೆ," ಎಂದ.

"ಒಳ್ಳೇದಾಯ್ತು. ನಿನ್ನ ಜೀವ ಉಳೀತು."

"ಅದಕ್ಕೇ ಹೇಳ್ತಿದ್ದೀನಿ. ಇನ್ನು ನಾನು ನಿಮ್ಮಪ್ಪನ ಹತ್ರ ಬರಲ್ಲ. ಅವನೇ ಬರಲಿ. ನಾನು ಬಿಟ್ಟುಕೊಟ್ಟೆ."

ಕತುಂಗೆ ಅವನ ಮುಖ ನೋಡಿದಳು. "ಏನು ಬಿಟ್ಟುಕೊಟ್ಟೆ?"

ಕ್ಯೆಂಗೊ ಸೋರೆಬುರುಡೆಯನ್ನು ಸಂದಿಯಿಂದ ಹೊರಗೆಳೆದುಕೊಂಡ.

"ನಿನ್ನ ಜೀವ ಉಳಿಸಿದ್ದಕ್ಕೆ ನನ್ನನ್ನ ಕೊಡ್ತಿದ್ದೀಯ. ಕೊಡಬೇಕು ಅನ್ನಿಸಿದ್ರೆ ನಿನ್ನ ಮೇಕೆ ಕೊಡು, ನಿನ್ನ ಜೇನುಗೂಡು ಕೊಡು. ನಾನು ಯಾವತ್ತು ನಿನ್ನ ಕೊಟ್ಟಿಗೆಗೆ ಬಂದಿದ್ದೆ?" ಅವಳು ದನಿ ಏರಿಸಲಿಲ್ಲ. "ಈ ಪೆಟ್ಟಿಗೇಲಿರೋದನ್ನೂ ಯಾರೋ ಯಾರಿಗೋ ಕೊಟ್ಟರು. ಅದನ್ನೂ ಯಾರೂ ಕೇಳಲಿಲ್ಲ." ಬುಟ್ಟಿ ತಲೆಗೇರಿಸಿ ಹೋದಳು. ಗಾಡಿ ಬಂದಾಗ ಎಂದಿನಂತೆ ಕಿಟಕಿಯಿಂದ ಕಿಟಕಿಗೆ ಕೂಗುತ್ತ ತೆನೆ ಮಾರಿದಳು. ಅವನ ಕಡೆ ತಿರುಗಲಿಲ್ಲ.

ಕ್ಯೆಂಗೊ ಅವಳ ಮಾತನ್ನು ಅಕ್ಷರಶಃ ತೆಗೆದುಕೊಂಡ. ಆನೆಹುಣಸೆ ಮರಗಳಲ್ಲಿ ಅವನು ಕಟ್ಟಿದ್ದ ಜೇನುಗೂಡಿನ ಕೊರಡುಗಳಲ್ಲಿ ಆರನ್ನು ಇಳಿಸಿ ಮುಸೆಂಬಿಯ ಮನೆ ಮುಂದೆ ಇಟ್ಟ. ಮುಸೆಂಬಿ ಅವುಗಳ ಸುತ್ತ ಒಂದು ಸುತ್ತು ಬಂದ.

"ಜೇನು ಬೇಡ ಅನ್ನೋನಲ್ಲ ನಾನು. ಆದರೆ ನೀನು ಕತುಂಗೆ ವಿಷಯ ಬಿಟ್ಟುಬಿಡ್ತೀಯ ಅಂದ್ಕೊಂಡಿದ್ದೆ."

"ಬಿಡಕ್ಕೆ ಹೋದೆ. ನಿನ್ನ ಕೊಟ್ಟಿಗೇಲಿ ನಾನು ಯಾವತ್ತಿದ್ದೆ ಅಂತ ಕೇಳಿದಳು."

"ನನಗೂ ಅದನ್ನೇ ಅಂದಳು. ಮೊನ್ನೆ ಹೋಗಿ, ಅವನ ಪ್ರಾಣಾನೇ ಉಳಿಸಿದ್ದೀನಿ, ಇನ್ನೇನು ಬೇಕು ಅಂತ ಕೇಳಿದ್ದೆ." ಮುಸೆಂಬಿ ಕೊರಡಿನ ಮೇಲೆ ಕೂತ. "ನನಗೆ ಸ್ವಲ್ಪ ಉದ್ದವಾಗಿಯೇ ಅಂದಳು."

ಇಬ್ಬರೂ ಅಲ್ಲಿ ಕೂತು ಜೇನಿನ ಹೆಂಡ ಕುಡಿದರು. ಅವರ ನಡುವಿನ ಪೈಪೋಟಿ ಅಂದಿಗೆ ಮುಗಿಯಿತು ಎನ್ನಲಾಗದು. ಆದರೆ ಅದರ ಬಗ್ಗೆ ಮಾತಾಡಲು ಅವರಿಗೆ ಒಬ್ಬರಿಗೊಬ್ಬರು ಸಿಕ್ಕಂತಾಯಿತು.

ಸಿನಿಮಾದವರು ವರ್ಷದ ಕೊನೆಯ ಸಣ್ಣ ಮಳೆಗಾಲಕ್ಕೆ ಮುಂಚೆ ಡೇರೆ ಕಿತ್ತರು. ಅವರು ಹೋದ ತಿಂಗಳಲ್ಲೇ ಕ್ಯೆಂಗೊ ಪ್ರೆಸ್ಕಾಟನ ಕೆಲಸ ಬಿಟ್ಟ. ಯಾಕೆ ಎಂದು ಕೇಳಿದವರಿಗೆ ಬೇರೆ ಬೇರೆ ಉತ್ತರ ಕೊಟ್ಟಿದ್ದಾನೆ. ಕಿಟೊಂಗಾನಿಗೆ ಮೊಣಕಾಲು ನೋವು ಎಂದ. ಪ್ರೆಸ್ಕಾಟನಿಗೆ ಅಮ್ಮನಿಗೆ ಹುಷಾರಿಲ್ಲ ಎಂದ. ಪ್ರೆಸ್ಕಾಟ್ ನಂಬಲಿಲ್ಲ, ಒತ್ತಾಯವನ್ನೂ ಮಾಡಲಿಲ್ಲ. ರೈಲ್ವೆಯಲ್ಲಿ ಗ್ಯಾಂಗ್‌ಮನ್ನನ ಕೆಲಸ ಖಾಲಿಯಿತ್ತು. ದಿನಾ ಒಂಬತ್ತು ಮೈಲಿ ಹಳಿಯ ಮೇಲೆ ನಡೆದು, ಸಡಿಲವಾದ ಬೆಣೆ, ಬಿರುಕು, ಕೊಚ್ಚಿಹೋದ ಜಲ್ಲಿ ನೋಡಿ ಬರುವುದು. ನೆಲ ನೋಡಿಕೊಂಡು ನಡೆಯುವ ಕೆಲಸ. ಕೊಲ್ಲುವುದೇನೂ ಇರಲಿಲ್ಲ. ಅವನು ಸೇರಿಕೊಂಡ.

ಕತುಂಗೆ ಅವನನ್ನು ಎರಡು ವರ್ಷ ಕಾಯಿಸಿದಳು. ಸ್ಟೇಷನ್ನಿನಲ್ಲಿ ಕಂಡಾಗ ತೆನೆ ಕೊಡುತ್ತಿದ್ದಳು, ಮಾತು ಕೊಡುತ್ತಿರಲಿಲ್ಲ. ಆ ನಡುವೆ ಮುಸೆಂಬಿ ತನ್ನ ಪ್ರಯತ್ನ ಬಿಡದೆ ಮಾಡಿದ. ಹೊಸ ಅಂಗಿ ಹೊಲಿಸಿದ, ಅವಳ ಅಪ್ಪನ ಹೊಲದ ಬೇಲಿ ಕಟ್ಟಿದ, ಕೊನೆಗೆ ಕಿಟುಯಿಯ ಕಡೆಯ ಒಬ್ಬ ಹುಡುಗಿ ಅವನ ಕತೆಗಳಿಗೆ ಬಾಯಿ ತೆರೆದು ನಗುವುದನ್ನು ಕಂಡು ಅವಳನ್ನೇ ಮದುವೆಯಾದ. ಅದಾಗಿ ಕೆಲವು ವಾರಕ್ಕೆ, ಒಂದು ಬೆಳಿಗ್ಗೆ, ಕ್ಯೆಂಗೊ ಹಳಿಯ ಮೇಲೆ ಬರುತ್ತಿದ್ದಾಗ ಮೈಲಿಕಲ್ಲಿನ ಹತ್ತಿರ ಕತುಂಗೆ ನಿಂತಿದ್ದಳು.

"ನಾಳೆ ಅಪ್ಪ ಮನೇಲಿರ್ತಾನೆ," ಎಂದಳು. "ಬರೋದಾದ್ರೆ ಬಾ. ಮುಸೆಂಬಿ ಬಿಟ್ಟ ಅಂತ ಬರಬೇಡ. ನಿನಗೆ ಬೇಕಿದ್ರೆ ಬಾ."

"ಎಷ್ಟು ಹೊತ್ತಿಗೆ ಬರಲಿ?"

"ಎರಡು ವರ್ಷ ಆಯ್ತು. ಇನ್ನು ಹೊತ್ತು ಬೇರೆ ಕೇಳ್ತೀಯಾ?"

ಮುಸೆಂಬಿಯನ್ನು ಯಾಕೆ ಬೇಡ ಎಂದಳು ಎಂದು ಮುಂದೆ ಮಗಳೊಬ್ಬಳು ಕೇಳಿದ್ದುಂಟು. "ಅವನು ಕೆಟ್ಟವನಲ್ಲ. ಆದರೆ ಅವನಿಗೆ ಏನು ಮಾಡಿದ್ರೂ ಜನ ನೋಡ್ತಿರಬೇಕು. ಮನೆಯೊಳಗೆ ಅಷ್ಟು ಜನ ಎಲ್ಲಿಂದ ತರಲಿ?" ಎಂದಿದ್ದಳು.

ಸಿನಿಮಾ ಅವರು ನೋಡಿದ್ದು ಮದುವೆಯಾಗಿ ಮೂರು ವರ್ಷದ ಮೇಲೆ. ಮಕಿಂಡುವಿನ ರೈಲ್ವೆ ಕ್ಲಬ್ಬಿನಲ್ಲಿ ನೌಕರರಿಗೆಂದು ಬಿಳಿ ಪರದೆ ಕಟ್ಟಿ ತೋರಿಸಿದರು. ಕಿಬ್ವೆಜಿಯಿಂದ ಒಂದು ಬೋಗಿ ತುಂಬ ಜನ ಹೋದರು. ಮುಸೆಂಬಿ ಹೆಂಡತಿ ಮಗುವಿನ ಜೊತೆಗೆ ತನ್ನ ಮುದುಕಿ ತಾಯಿ ಸ್ಯೊಂಬುವಾಳನ್ನೂ ಕರೆತಂದು, ಎಲ್ಲಕ್ಕಿಂತ ಮುಂದೆ ಕೂರಿಸಿದ. ಅವನು ಪರದೆಯ ಮೇಲೆ ಕಂಡಾಗಲೆಲ್ಲ ಸಭೆ ಕೂಗುತ್ತಿತ್ತು. ಅವನ ನಾಲ್ಕು ಮಾತಿನಲ್ಲಿ ಎರಡು ಉಳಿದಿದ್ದವು, ಅವೂ ಇನ್ನಾರದೋ ದಪ್ಪ ದನಿಯಲ್ಲಿ. ಅರ್ಧ ಕಥೆಯಾದ ಮೇಲೆ, ಗಂಡನನ್ನು ತುಳಿಯುವ ಮುಂಚೆ ಆನೆ ಮುಸೆಂಬಿಯನ್ನೇ ತುಳಿಯಿತು. ಅಂಗಿಗೆ ಕೆಂಪು ಬಳಿದು ಒಂದು ಮಧ್ಯಾಹ್ನವೆಲ್ಲ ತನ್ನನ್ನು ಮಲಗಿಸಿದ್ದು ಮುಸೆಂಬಿಗೆ ನೆನಪಿತ್ತು. ತಾಯಿಗೆ ಹೇಳುವುದು ಮರೆತಿದ್ದ.

ಸ್ಯೊಂಬುವಾ ಎದ್ದು ನಿಂತು ತಲೆಯ ಮೇಲೆ ಕೈಯಿಟ್ಟು ಗೋಳಾಡತೊಡಗಿದಳು. ಹಿಂದೆ ಗೆಳೆಯರ ನಡುವೆ ಕೂತಿದ್ದ ಮುಸೆಂಬಿ, "ಅಮ್ಮಾ, ಇಲ್ಲಿದ್ದೀನಿ, ಇಲ್ಲಿ ನೋಡು," ಎಂದು ಬೆಂಚುಗಳನ್ನು ದಾಟುತ್ತ ಓಡಿ ಬಂದ. ಅವಳು ಅವನ ಎದೆ, ಹೊಟ್ಟೆ ಎಲ್ಲ ಮುಟ್ಟಿ ನೋಡಿದಳು. ಆದರೂ ಅವಳ ಕಣ್ಣು ಪರದೆಯ ಕಡೆಗೇ ಹೋಗುತ್ತಿತ್ತು. ಅಲ್ಲಿ ಬೇಟೆಗಾರ, ದೊರೆಸಾನಿ ಇಬ್ಬರೂ ಹೆಣದ ಪಕ್ಕದಲ್ಲೇ ಹಾದುಹೋಗಿ, ಒಂದು ಮರದ ಕೆಳಗೆ ನಿಂತು ತಬ್ಬಿಕೊಂಡಿದ್ದರು. "ಮಣ್ಣಾದರೂ ಹಾಕಿ ಹೋಗಬಾರದಾ," ಎಂದಳು ಸ್ಯೊಂಬುವಾ. ಕ್ಲಬ್ಬಿನ ಸಿಖ್ ಯಜಮಾನ ಬಂದು ಅವಳಿಗೆ ನೀರು ಕೊಟ್ಟ.

ಘೇಂಡಾಮೃಗದ ಓಟ ಅದಕ್ಕೂ ಮುಂಚೆಯೇ ಬಂದುಹೋಗಿತ್ತು. ಹತ್ತು ಉಸಿರಿನಷ್ಟು ಹೊತ್ತು. ದೂರದಲ್ಲಿ ಓಡುವ ಸಣ್ಣ ಮೈ ಕ್ಯೆಂಗೊನದು. ಹತ್ತಿರದಲ್ಲಿ ಹೆದರಿದ ಮುಖ ದೊರೆಸಾನಿಯದು. ಎರಡನ್ನೂ ಹೊಲಿಗೆ ಕಾಣದಂತೆ ಸೇರಿಸಿದ್ದರು. "ಅದು ನಮ್ಮ ಕ್ಯೆಂಗೊ," ಎಂದು ಗ್ಯಾಂಗಿನವರೆಲ್ಲ ಎದ್ದು ಕೂಗಿದರು. ಅವನಿಗೆ ದೊರೆಸಾನಿ ಎಂಬ ಹೆಸರು ಕಾಯಂ ಆಗಿ ಅಂಟಿದ್ದು ಅವತ್ತೇ. ಮಾರನೆಯ ದಿನ ಹಾಜರಿ ಕೂಗುವಾಗ ಮೇಸ್ತ್ರಿಯೂ ದೊರೆಸಾನಿ ಎಂದ, ಕ್ಯೆಂಗೊ ಹಾಜರಿ ಹೇಳಿದ.

ವಾಪಸು ಬರುವಾಗ ಬೋಗಿಯಲ್ಲಿ ಎಲ್ಲರೂ ಮುಸೆಂಬಿಯ ಸಾವಿನ ಬಗ್ಗೆ ಮಾತಾಡುತ್ತಿದ್ದರು. ಕತುಂಗೆ ತೊಡೆಯ ಮೇಲಿನ ಮಗುವನ್ನು ಸರಿಯಾಗಿ ಮಲಗಿಸಿಕೊಂಡು, "ಆ ಘೇಂಡಾಮೃಗದ ಮರಿ ಎಲ್ಲಿ? ಕಾಣಲೇ ಇಲ್ಲ," ಎಂದಳು.

"ತೆಗೆದುಬಿಟ್ಟಿದ್ದಾರೆ. ನಾನೂ ಹುಡುಕಿದೆ," ಎಂದ ಕ್ಯೆಂಗೊ.

ಅವರಿಗೆ ನಾಲ್ವರು ಹೆಣ್ಣುಮಕ್ಕಳಾದರು. ದೇಶ ಸ್ವತಂತ್ರವಾಯಿತು, ಪ್ರೆಸ್ಕಾಟ್ ಮನೆ ಮಾರಿ ದಕ್ಷಿಣಕ್ಕೆ ಹೋದ, ಕಿಟೊಂಗಾ ತೀರಿಕೊಂಡ. ಬೇಟೆಯನ್ನೇ ಸರ್ಕಾರ ನಿಲ್ಲಿಸಿದ ಮೇಲೆ ಮುಸೆಂಬಿ ಹೆದ್ದಾರಿಯ ಬದಿಯಲ್ಲಿ ಮರದ ಆನೆ, ಜಿರಾಫೆ ಕೆತ್ತಿಸಿ ಮಾರುವ ಅಂಗಡಿಯಿಟ್ಟ. ಪ್ರವಾಸಿಗರಿಗೆ ತಾನು ಸಿನಿಮಾದಲ್ಲಿ ಸತ್ತ ಕತೆ ಹೇಳಿ ಎರಡು ಆನೆ ಹೆಚ್ಚು ಮಾರುತ್ತಿದ್ದ. ಘೇಂಡಾಮೃಗದ ಕತೆಯನ್ನು ಮಾತ್ರ ಅವನು ಯಾರಿಗೂ ಹೇಳಿದ್ದಿಲ್ಲ ಎಂಬುದು ಕ್ಯೆಂಗೊನಿಗೆ ಆಶ್ಚರ್ಯ. ಒಮ್ಮೆ ಕೇಳಿಯೂ ಬಿಟ್ಟ. "ಅದು ನೀನು ಓದಿದ್ದು. ನನಗೆ ಆವತ್ತು ಕಾಲು ಅಲ್ಲಾಡಲಿಲ್ಲ ಅಷ್ಟೆ. ಧೈರ್ಯವೋ ಹೆದರಿಕೆಯೋ ನನಗೇ ಗೊತ್ತಿಲ್ಲ," ಎಂದ ಮುಸೆಂಬಿ. ಕ್ಯೆಂಗೊ ಅದನ್ನು ಮನೆಗೆ ಬಂದು ಕತುಂಗೆಗೆ ಹೇಳಿದ. ಅವಳು, "ಮೊದಲನೇ ಸಲ ನಿಜ ಹೇಳಿದಾನೆ," ಎಂದು ಮುಸೆಂಬಿಯ ಮನೆಗೆ ಒಂದು ಬುಟ್ಟಿ ಗೆಣಸು ಕಳಿಸಿದಳು.

ಕ್ಯೆಂಗೊ ಇಪ್ಪತ್ತೊಂಬತ್ತು ವರ್ಷ ಹಳಿಯ ಮೇಲೆ ನಡೆದು ನಿವೃತ್ತನಾದ. ಆಮೇಲೆ ಕಣ್ಣಿಗೆ ಪೊರೆ ಬಂತು. ದಿನಾ ಸಾಯಂಕಾಲ ತೆನೆ ಮಾರಲು ಹೊರಟ ಕತುಂಗೆಯ ಹೆಗಲು ಹಿಡಿದು ಸ್ಟೇಷನ್ನಿನವರೆಗೆ ಬಂದು ಬೆಂಚಿನ ಮೇಲೆ ಕೂರುತ್ತಿದ್ದ. ಒಂದು ದಿನ ಗಾಡಿ ಹೋದ ಮೇಲೆ ಅವನು ಹೊಸ ಮೇಸ್ತ್ರಿಯನ್ನು ಕರೆಸಿ, "ಸಿಗ್ನಲ್ಲಿನಿಂದ ಈಚೆಗೆ ಹಳಿ ಕೆಳಗಿನ ಮೂರನೇ ಸ್ಲೀಪರ್ ಸಡಿಲವಾಗಿದೆ, ಸದ್ದು ಬೇರೆ ಬಂತು," ಎಂದ. ಅವನ ಮೇಲಿನ ಗೌರವಕ್ಕೆ ಮೇಸ್ತ್ರಿ ಇಬ್ಬರನ್ನು ಕರೆದುಕೊಂಡು ಹೋಗಿ ಸುತ್ತಿಗೆಯಿಂದ ಬಡಿದು ನೋಡಿ ಬಂದ. "ಗಟ್ಟಿಯಾಗಿದೆ ಅಜ್ಜ. ಅಕ್ಕಪಕ್ಕದ್ದೂ ನೋಡಿದ್ವಿ. ಎಲ್ಲಾ ಸರಿಯಾಗಿದೆ."

ಕ್ಯೆಂಗೊ ತಲೆಯಾಡಿಸಿದ. "ಹಾಗಾದ್ರೆ ಸಡಿಲವಾಗಿರೋದು ನಾನೇ," ಎಂದ. ಕತುಂಗೆ ಖಾಲಿ ಬುಟ್ಟಿಗಳನ್ನು ಒಂದರೊಳಗೊಂದು ಇಟ್ಟು, ಅವನಿಗೆ ಹೆಗಲು ಕೊಟ್ಟಳು. ಅವನು ಎದ್ದ.